ಕೋಲನ್ ಎಂದರೆ ಎರಡು ಚುಕ್ಕೆ

ಟಿಕೋಟಾದ ತಾಲ್ಲೂಕು ಕಚೇರಿಯ ಎದುರಿಗೆ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಅರುಣಕುಮಾರನಿಗೆ ಕಾಗದದ ಮೇಲೆ ಇದ್ದಷ್ಟು ನಂಬಿಕೆ ಮನುಷ್ಯರ ಮೇಲೆ ಇರಲಿಲ್ಲ. ಹದಿನೆಂಟು ವರ್ಷ ಅದೇ ಕುರ್ಚಿಯಲ್ಲಿ ಕುಳಿತು ಪಹಣಿ, ವಾರಸಾ, ವಂಶಾವಳಿಗಳ ನಕಲು ತೆಗೆದೂ ತೆಗೆದೂ ತಾನು ಅರ್ಧ ವಕೀಲನಾಗಿದ್ದೇನೆ ಎಂಬ ಅಭಿಪ್ರಾಯ ಅವನಿಗೆ ಬಂದಿತ್ತು. ಉಳಿದರ್ಧ ಏನಾಗಿದ್ದಾನೆಂದು ಯಾರೂ ಕೇಳಿರಲಿಲ್ಲ.

ಇಂಥವನ ಅಂಗಡಿಗೆ ಒಂದು ಸೋಮವಾರ ಆರೋಗ್ಯ ಶಿಬಿರದವರು ಕರಪತ್ರ ತಂದು ಐನೂರು ಪ್ರತಿ ಬೇಕೆಂದರು. ‘ನಿಮ್ಮ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತೆ? ನಿಮಗೆ ಏನೂ ತೊಂದರೆ ಇಲ್ಲದಿದ್ದರೂ ಬಂದು ತೋರಿಸಿಕೊಳ್ಳಿ. ಗುಳಿಗೆಯಂಥ ಪುಟ್ಟ ಕ್ಯಾಮೆರಾ ನುಂಗಿ ಪರೀಕ್ಷೆ ಮಾಡಿಸಿಕೊಳ್ಳಬಹುದು’ ಎಂದು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ, ಓದಿದವರ ಅನುಕೂಲಕ್ಕೆಂದು, ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ರೋಗದ ಹೆಸರು: ಸಿ-ಎ ಕೋಲನ್.

ನೂರಾ ಮೂವತ್ತೇಳನೇ ಪ್ರತಿ ಹೊರಬರುವಾಗ ಅರುಣಕುಮಾರನ ಕಣ್ಣು ಆ ಸಣ್ಣ ಅಕ್ಷರಗಳ ಮೇಲೆ ಬಿತ್ತು. ಅವನು ಯಂತ್ರ ನಿಲ್ಲಿಸಿದ.

ಆ ಎರಡು ಶಬ್ದಗಳನ್ನು ಅವನು ಮೊದಲೂ ಓದಿದ್ದ. ಅವನ ಅಪ್ಪ ತೀರಿಕೊಂಡದ್ದು ನಲವತ್ತಾರನೇ ವಯಸ್ಸಿಗೆ. ಮಿರಜಿನ ಯಾವುದೋ ಆಸ್ಪತ್ರೆಯಿಂದ ಬಂದ ಕಾಗದವೊಂದು ಟ್ರಂಕಿನಲ್ಲಿತ್ತು. ಅದರಲ್ಲಿ ತಿಳಿಯುವಂತಿದ್ದದ್ದು ಅಷ್ಟೇ: ಸಿ-ಎ ಕೋಲನ್. ಸಿ-ಎ ಅಂದರೆ ಕ್ಯಾಲ್ಸಿಯಂ ಎಂದು ಸಾಲೆಯ ವಿಜ್ಞಾನ ಮಾಸ್ತರರು ಹೇಳಿದ್ದರು. ಕೋಲನ್ ಅಂದರೆ ಒಂದರ ಮೇಲೊಂದು ಇಡುವ ಎರಡು ಚುಕ್ಕೆ ಎಂದು ಟೈಪಿಂಗ್ ಕ್ಲಾಸಿನಲ್ಲಿ ಕಲಿತಿದ್ದ. ಹೀಗಾಗಿ ಅಪ್ಪನಿಗೆ ಸುಣ್ಣದ ಅಂಶ ಕಡಿಮೆಯಾಗಿತ್ತು, ಎಷ್ಟು ಕಡಿಮೆಯೆಂದು ಎರಡು ಚುಕ್ಕೆಯ ಮುಂದೆ ಬರೆಯಲು ಡಾಕ್ಟರು ಮರೆತಿದ್ದಾರೆ ಎಂದು ಅವನು ನಿರ್ಣಯಿಸಿಬಿಟ್ಟಿದ್ದ. ಅಪ್ಪನ ಗತಿ ತನಗೆ ಬಾರದಿರಲೆಂದು ಮೂವತ್ತು ವರ್ಷದಿಂದ ದಿನಕ್ಕೆ ಎರಡು ಲೋಟ ಹಾಲು ಕುಡಿದು, ಎಲೆಗೆ ಒಂದು ಬೆರಳು ಸುಣ್ಣ ಹೆಚ್ಚಾಗಿ ಹಚ್ಚಿಕೊಳ್ಳುತ್ತಿದ್ದ. ಬಾಯಿ ಸುಟ್ಟಿತ್ತೇ ಹೊರತು ಧೈರ್ಯ ಕಡಿಮೆಯಾಗಿರಲಿಲ್ಲ.

ಈಗ ಕಡಿಮೆಯಾಯಿತು. ಬರುವ ಶ್ರಾವಣಕ್ಕೆ ಅವನಿಗೂ ನಲವತ್ತಾರು ತುಂಬುತ್ತಿತ್ತು.

ಹೆಂಡತಿ ನಂದಾ ಕರಪತ್ರ ಓದಿ, ಟ್ರಂಕಿನ ಕಾಗದ ಓದಿ, ಎರಡನ್ನೂ ಮಡಚಿ ಸೀರೆಯ ಮಡಿಕೆಗಳ ನಡುವೆ ಇಟ್ಟಳು.

“ನಾಳೆ ದವಾಖಾನಿಗೆ ಹೋಗಿ ಬರ್ರಿ. ಆದ್ರ ಆ ರೋಗದ ಹೆಸರು ನಮ್ಮ ಹೊಸ್ತಿಲಾ ದಾಟಬಾರ್ದು ನೋಡ್ರಿ. ಇಟ್ಟಂಗಿಹಾಳದವರು ಐಶ್ವರ್ಯಾನ್ನ ನೋಡಿ ಹೋಗಿ ಎಂಟ ದಿನಾ ಸುದ್ದಾ ಆಗಿಲ್ಲ. ಮನೆತನದಾಗ ಇಂಥಾದ್ದೈತಿ ಅಂತ ಗೊತ್ತಾದ್ರ ಯಾರು ಹೆಣ್ಣು ತಗೋತಾರ?”

ಐಶ್ವರ್ಯ ಅವರ ಒಬ್ಬಳೇ ಮಗಳು. ಅರುಣಕುಮಾರ ತಲೆಯಾಡಿಸಿದ. ಮುಂದೆ ನಡೆದದ್ದಕ್ಕೆಲ್ಲ ಈ ತಲೆಯಾಡಿಸುವಿಕೆಯೇ ಕಾರಣ.

ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರ್ ನೇತ್ರಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಮಿರಜಿನ ಕಾಗದ ನೋಡಿದರು. ಎರಡು ಚುಕ್ಕೆಯ ಸಿದ್ಧಾಂತವನ್ನು ಪೂರ್ತಿ ಕೇಳಿದರು. ನಗಲಿಲ್ಲ. ಅವರು ನಗದೆ ಇದ್ದದ್ದನ್ನು ನೋಡಿಯೇ ಅರುಣಕುಮಾರ ಕುರ್ಚಿಯ ಅಂಚಿಗೆ ಸರಿದ.

“ಕೋಲನ್ ಅಂದ್ರ ದೊಡ್ಡ ಕರುಳ್ರಿ. ಸಿ-ಎ ಅಂದ್ರ ಕ್ಯಾನ್ಸರ್. ನಿಮ್ಮ ತಂದೆಯವರಿಗೆ ಇತ್ತು ಅಂದ್ರ ನಿಮಗ ಬಂದೇ ಬರತೈತಿ ಅಂತಲ್ಲ. ಆದ್ರ ನೋಡಿಬಿಡಬೇಕು. ನಳಿಕೆ ಹಾಕಿ ನೋಡೂದು ಮೊದಲಿನ ಪದ್ಧತಿ. ಈಗ ನಾವು ಮನೆತನದಾಗ ಈ ರೋಗ ಇದ್ದವರಿಗೆ ಕ್ಯಾಮೆರಾ ಗುಳಿಗಿ ಕೊಟ್ಟು ಒಂದು ಅಧ್ಯಯನ ಮಾಡಾಕತ್ತೇವಿ.”

“ಗುಳಿಗಿನೇ ಇರಲಿ ಮೇಡಂ,” ಎಂದ ಅರುಣಕುಮಾರ, ನಳಿಕೆ ಎಂಬ ಶಬ್ದ ಮುಗಿಯುವ ಮೊದಲೇ.

“ಗುಳಿಗ್ಯಾಗ ಏನರೆ ಕಂಡ್ರ ಮತ್ತ ನಳಿಕೆ ಹಾಕಬೇಕಾಕ್ಕೈತಿ, ಅದು ತಿಳಿದಿರಲಿ. ಅದಕ್ಕೂ ಮೊದಲ ಈ ಫಾರ್ಮ್ ತುಂಬ್ರಿ. ನಿಮ್ಮ ಅಜ್ಜ, ಅತ್ತಿ, ಕಾಕಾ, ಯಾರು ಯಾವ ವಯಸ್ಸಿಗೆ ಏನಾಗಿ ತೀರಿಕೊಂಡಾರ, ಎಲ್ಲಾ ಬೇಕು.”

ಫಾರ್ಮಿನಲ್ಲಿ ಐದು ಕಾಲಮ್ ಇದ್ದವು. ಅರುಣಕುಮಾರನ ಕಣ್ಣಿಗೆ ಅದು ಬಡಕಲಾಗಿ ಕಂಡಿತು. ಅಂಗಡಿಗೆ ಬಂದವನೇ ಕಂಪ್ಯೂಟರಿನಲ್ಲಿದ್ದ ತಾಲ್ಲೂಕು ಕಚೇರಿಯ ನಮೂನೆ ತೆರೆದು, ಡಾಕ್ಟರರ ಐದು ಕಾಲಮ್ಮುಗಳನ್ನು ಅದರೊಳಗೆ ಸೇರಿಸಿ, ಒಟ್ಟು ಹನ್ನೊಂದು ಮಾಡಿದ. ಮೃತರ ಹೆಸರು, ಮೃತರಾದ ದಿನ, ಮರಣದ ಕಾರಣ, ಹಾಲಿ ಜೀವಂತ ಇರುವ ವಾರಸುದಾರರು, ಇಬ್ಬರು ಸಾಕ್ಷಿದಾರರ ಸಹಿ. ಮೇಲೆ ‘ವಂಶಾವಳಿ’ ಎಂದು ದಪ್ಪಗೆ ಟೈಪ್ ಮಾಡಿ ಅಡಿಗೆರೆ ಎಳೆದ. ಕಾಗದಕ್ಕೆ ಈಗ ಒಂದು ಕಳೆ ಬಂತೆಂದು ಅವನಿಗೆ ತೃಪ್ತಿಯಾಯಿತು.

ಆ ಕಳೆ ಹೊತ್ತ ಕಾಗದ ಹಿಡಿದು ಮರುದಿನ ಘೋಣಸಗಿಗೆ ಹೋದ. ಅಲ್ಲಿ ಅವನ ಕಾಕಾ ಬಸಗೊಂಡಪ್ಪ, ಅಂದರೆ ಅಪ್ಪನ ತಮ್ಮ, ಆರು ಎಕರೆ ದ್ರಾಕ್ಷಿ ತೋಟ ನೋಡಿಕೊಂಡಿದ್ದ. ತೋಟ ಇನ್ನೂ ಸತ್ತ ಅಜ್ಜನ ಹೆಸರಿನಲ್ಲೇ ಇತ್ತು. ಅದರ ಬಗ್ಗೆ ಅರುಣಕುಮಾರ ಯಾವತ್ತೂ ಕೇಳಿರಲಿಲ್ಲ, ಯಾವತ್ತು ಕೇಳುತ್ತಾನೋ ಎಂದು ಬಸಗೊಂಡಪ್ಪ ಮೂವತ್ತು ವರ್ಷದಿಂದ ಕಾಯುತ್ತಿದ್ದ.

ಅಂದು ಬಸಗೊಂಡಪ್ಪ ಬೆಳಿಗ್ಗೆಯಿಂದ ಮೂರನೇ ಸಲ ಚರಿಗೆ ಹಿಡಿದು ಹಿತ್ತಲಿಗೆ ಹೋಗಿ ಬಂದು ಕಟ್ಟೆಯ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಮಗ ಸಂಗು, ಮೂವತ್ತೈದರ ಗಟ್ಟಿ ಆಳು, ಮೊಬೈಲ್ ನೋಡುತ್ತಿದ್ದ.

“ಕಾಕಾ, ಅಜ್ಜ ತೀರಿಕೊಂಡಾಗ ವಯಸ್ಸು ಎಷ್ಟಿತ್ರಿ?” ಅರುಣಕುಮಾರ ಪೆನ್ನು ತೆಗೆದ.

“ಯಾಕ?”

“ಸುಮ್ನ.”

ಸುಮ್ಮನೆ ಯಾರೂ ಫೈಲು ಹಿಡಿದುಕೊಂಡು ಟಿಕೋಟಾದಿಂದ ಬರುವುದಿಲ್ಲ ಎಂಬುದು ಬಸಗೊಂಡಪ್ಪನಿಗೆ ಗೊತ್ತಿತ್ತು. “ನನಗ ನೆನಪಿಲ್ಲ. ಆವಾಗ ನಾ ಆರು ವರ್ಷದಾಂವ.”

“ದೊಡ್ಡತ್ತಿ ಪರಸವ್ವ?”

“ಅಕಿ ಸುದ್ದಿ ಈಗ್ಯಾಕ?”

“ಆಕೀಗೂ ಪಾಲು ಬರತೈತ್ರೀ ಇದರಾಗ,” ಎಂದ ಅರುಣಕುಮಾರ. ಅವನು ಹೇಳಿದ್ದು ರೋಗದ ಲೆಕ್ಕದಲ್ಲಿ. ಆದರೆ ಪಾಲು ಎಂಬ ಶಬ್ದ ಕಟ್ಟೆಯ ಮೇಲೆ ಬಿದ್ದ ರಭಸಕ್ಕೆ ಸಂಗು ಮೊಬೈಲಿನಿಂದ ತಲೆ ಎತ್ತಿದ. ಎದ್ದು ಬಂದು ಫೈಲು ಕಸಿದುಕೊಂಡು ಓದಿದ. ವಂಶಾವಳಿ. ವಾರಸುದಾರರು. ಸಾಕ್ಷಿದಾರರು. ತನ್ನಪ್ಪನ ಹೆಸರಿನ ಮುಂದೆ ‘ಹಾಲಿ ಜೀವಂತ’ ಎಂದಿದ್ದು, ಅದರ ಪಕ್ಕ ‘ಮೃತರಾದ ದಿನ’ದ ಮನೆ ಖಾಲಿ ಬಿಟ್ಟದ್ದನ್ನು ನೋಡಿ ಅವನ ಕಿವಿ ಕೆಂಪಾದವು.

“ಯಪ್ಪಾ, ನೀ ಯಾವಾಗ ಸಾಯ್ತೀ ಅಂತ ಕಾಯಾಕತ್ತಾನ ಇಂವ! ಜಾಗಾನೂ ಬಿಟ್ಟಾನ ನೋಡು, ಬರ್ಕೊಳ್ಳಾಕ!”

“ಲೇ ಸಂಗು, ಅದು ಹಂಗಲ್ಲೋ…”

“ಮತ್ತ ಹೆಂಗ? ಹೇಳು. ಎದಕ್ಕ ಬೇಕು ಇದು?”

ಅರುಣಕುಮಾರನ ನಾಲಿಗೆಯ ತುದಿಗೆ ಆ ರೋಗದ ಹೆಸರು ಬಂತು. ಅದರ ಹಿಂದೆಯೇ ನಂದಾಳ ಹೊಸ್ತಿಲೂ ಬಂತು. “ಅದನ್ನ ಹೇಳಾಕ ಬರೂದಿಲ್ಲ,” ಎಂದ.

ಇದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಬೇರೆ ಬೇಕೆ? ಸಂಗು ಕಾಗದದ ಫೋಟೋ ತೆಗೆದುಕೊಂಡು ಫೈಲನ್ನು ಅಂಗಳಕ್ಕೆ ಎಸೆದ. “ಇನ್ನೊಮ್ಮೆ ಈ ಕಟ್ಟಿ ಹತ್ತಿದೆಂದ್ರ ಕಾಲು ಮುರೀತೀನಿ ಅಣ್ಣಾ,” ಎಂದ. ಅಣ್ಣಾ ಎಂಬ ಮರ್ಯಾದೆಯನ್ನು ಮಾತ್ರ ಬಿಡಲಿಲ್ಲ.

ಅಲ್ಲಿಂದ ಅರುಣಕುಮಾರ ಎರಡು ಬಸ್ಸು ಬದಲಿಸಿ ಬಬಲೇಶ್ವರಕ್ಕೆ, ಸಣ್ಣತ್ತೆ ರುದ್ರವ್ವನ ಮನೆಗೆ ಹೋದ. ಎಪ್ಪತ್ತನಾಲ್ಕರ ಆ ಮುದುಕಿಯೊಬ್ಬಳಿಗೇ ಹಳೆಯದೆಲ್ಲ ಗೊತ್ತಿದ್ದದ್ದು. ಆದರೆ ಬಸ್ಸಿಗಿಂತ ಸಂಗುವಿನ ಫೋನು ಮುಂದಿತ್ತು.

“ಅತ್ತೀ, ನಮ್ಮಪ್ಪ ಹೆಂಗ ಸತ್ತ?”

“ಹೊಟ್ಟಿಬ್ಯಾನಿ.”

“ಅಜ್ಜ?”

“ಹೊಟ್ಟಿಬ್ಯಾನಿ.”

“ದೊಡ್ಡತ್ತಿ?”

“ದೇವರು ಕರಕೊಂಡ,” ಎಂದವಳೇ ರುದ್ರವ್ವ ಬಾಗಿಲು ಹಾಕಿಕೊಂಡಳು. ಒಳಗೆ ಅಗುಳಿ ಬಿದ್ದ ಸದ್ದಿಗೆ ಅರುಣಕುಮಾರನ ಹೊಟ್ಟೆಯಲ್ಲಿ ಏನೋ ತಿರುಗಿತು. ಈಚೆಗೆ ಹೊಟ್ಟೆಯಲ್ಲಿ ಏನು ತಿರುಗಿದರೂ ಅವನಿಗೆ ಅದೇ ಅನುಮಾನ.

ವಾರ ಕಳೆಯುವುದರಲ್ಲಿ ಯಾರೋ ವಕೀಲರ ಗುಮಾಸ್ತನೊಬ್ಬ ಅಂಗಡಿಗೆ ಬಂದು ಅರ್ಜಿಯೊಂದನ್ನು ಕೊಟ್ಟು ಮೂರು ಪ್ರತಿ ಬೇಕೆಂದ. ಅರುಣಕುಮಾರ ರೂಢಿಯಂತೆ ಓದಿದ. ‘ಸದರಿ ಅರುಣಕುಮಾರ ಎಂಬುವನು ಅತಿ ಕಪಟಿಯಿದ್ದು, ಖೊಟ್ಟಿ ವಂಶಾವಳಿ ತಯಾರಿಸಿ, ವರಸುದಾರರ ಹಕ್ಕು ಕಸಿಯುವ ಸಂಚು ಮಾಡಿರುವುದರಿಂದ…’

“ಯಾರೋ ಭಾಳ ಹರಾಮಿ ಅದಾನಂತ್ರಿ,” ಎಂದ ಗುಮಾಸ್ತ ಬೀಸಣಿಕೆಯಿಲ್ಲದೆ ಕರ್ಚೀಫು ಬೀಸಿಕೊಳ್ಳುತ್ತ. “ಇದ ಊರಾಂವ ಅಂತ. ನೀವೇನರೆ ಕಂಡೀರೇನು?”

“ಮುಖಾ ನೋಡಿದ ನೆನಪೈತ್ರಿ,” ಎಂದ ಅರುಣಕುಮಾರ. ಮೂರು ಪ್ರತಿ ತೆಗೆಯುವ ಮೊದಲು ‘ಎಂಬುವನು’ ಇದ್ದದ್ದನ್ನು ‘ಎಂಬವನು’ ಎಂದೂ ‘ವರಸುದಾರ’ನಿಗೆ ಒಂದು ದೀರ್ಘವನ್ನೂ ಪೆನ್ನಿನಿಂದ ತಿದ್ದಿಕೊಟ್ಟ. ತನ್ನ ಮೇಲಿನ ತಕರಾರೇ ಆಗಲಿ, ತಪ್ಪು ಕಾಗದ ತನ್ನ ಯಂತ್ರದಿಂದ ಹೊರಬೀಳುವುದು ಅವನಿಗೆ ಸಹಿಸದು.

ಗುಳಿಗೆ ನುಂಗುವ ದಿನ ಬಂತು. ಹಿಂದಿನ ದಿನವಿಡೀ ನೀರು, ಗಂಜಿತಿಳಿ, ಮತ್ತು ಹೊಟ್ಟೆ ತೊಳೆಯುವ ಒಂದು ಔಷಧ. ಆ ಔಷಧ ಅವನನ್ನು ಕೂರಲೂ ಬಿಟ್ಟಿರಲಿಲ್ಲ, ನಿಲ್ಲಲೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಡಾಕ್ಟರ್ ನೇತ್ರಾ ಅವನ ಹೊಟ್ಟೆಗೆ ವಾಯರುಗಳ ಪಟ್ಟಾ ಬಿಗಿದು, ಸೊಂಟಕ್ಕೆ ರೆಕಾರ್ಡರಿನ ಡಬ್ಬಿ ತೂಗುಹಾಕಿ, ಅಂಗೈಗೆ ಗುಳಿಗೆ ಇಟ್ಟರು. ಅದರ ಎರಡೂ ತುದಿಗೆ ದೀಪ ಮಿನುಗುತ್ತಿತ್ತು. ಕಣ್ಣು ಮುಚ್ಚಿ ನುಂಗಿದ.

“ಅಡ್ಡಾಡ್ರಿ, ಊರಾಗ ಎಲ್ಲಿ ಬೇಕಾದಲ್ಲಿ ಕುಂದರ್ರಿ, ಸಂಜಿಗೆ ಬರ್ರಿ. ವಾಯರ್ ಮಾತ್ರ ಕಿತ್ತಬಾರದು. ಈ ಡಬ್ಬಿ ಕೂಗಿದ ಕೂಡ್ಲೇ ಈ ಬಾಟಲಿ ಔಷಧ ಕುಡೀರಿ. ತಡ ಮಾಡಿದ್ರ ಗುಳಿಗಿ ಒಳಗ ನಿಂತಬಿಡತೈತಿ. ದೊಡ್ಡ ಕರುಳು ನೋಡೂದರಾಗ ಬ್ಯಾಟರಿ ಮುಗದ್ರ ಎಲ್ಲಾ ದಂಡ.”

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಸಂಗುವಿನ ಫೋನು. “ಅಣ್ಣಾ, ಹನ್ನೊಂದಕ್ಕ ಕೋರ್ಟ್ ಹತ್ರ ವಕೀಲರ ಆಫೀಸಿಗೆ ಬಾ. ಅತ್ತೀನ್ನ ಕರಕೊಂಡು ಬಂದೀವಿ. ಅಕಿ ನಿನ್ನ ವಿರುದ್ಧ ಸಾಕ್ಷಿ ಅಂತ ಹೆಬ್ಬಟ್ಟು ಒತ್ತಿದ್ಲಂದ್ರ ನಿನ್ನ ಆಟ ಮುಗೀತು.”

ಹೋಗದಿದ್ದರೆ ಆಗುತ್ತಿತ್ತು. ಆದರೆ ಡಾಕ್ಟರರ ಫಾರ್ಮ್ ಇನ್ನೂ ಅರ್ಧ ಖಾಲಿಯಿತ್ತು. ಅತ್ತೆ ಒಮ್ಮೆ ಕೋರ್ಟಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಇನ್ನು ತನ್ನೊಡನೆ ಬಾಯಿ ಬಿಡುವುದಿಲ್ಲ ಎಂದು ಅರುಣಕುಮಾರ ಸಡಿಲ ಅಂಗಿಯ ಗುಂಡಿ ಹಾಕಿಕೊಂಡು ಹೊರಟ.

ವಕೀಲ ಅಬ್ದುಲಗನಿ ಸಾಹೇಬರು ಮೂವತ್ತು ವರ್ಷದ ಅನುಭವಸ್ಥರು. ಮೇಜಿನ ಆಚೆ ಅವರು, ಈಚೆ ಬಸಗೊಂಡಪ್ಪ, ಸಂಗು, ಗೋಡೆಗೆ ಒರಗಿ ರುದ್ರವ್ವ. ಅರುಣಕುಮಾರ ಕುರ್ಚಿಯ ತುದಿಗೆ ಕೋಲಿನಂತೆ ನೆಟ್ಟಗೆ ಕುಳಿತ. ಚಹಾ ಬಂತು. ಅವನು ಬೇಡವೆಂದ.

“ನಮ್ಮ ಚಾ ಸುದ್ದಾ ಬ್ಯಾಡಾತೇನಪಾ?” ಎಂದ ಬಸಗೊಂಡಪ್ಪ ನೊಂದು.

“ಉಪವಾಸ ಐತ್ರೀ ಕಾಕಾ.”

“ಇವತ್ತ ಯಾವ ವಾರದ ಉಪವಾಸ?” ಎಂದ ಸಂಗು. ಅರುಣಕುಮಾರನಿಗೆ ವಾರ ನೆನಪಾಗಲಿಲ್ಲ.

ವಕೀಲರು ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡಿದರು. “ನೋಡ್ರಿ ಅರುಣಕುಮಾರ, ನೀವು ಖೊಟ್ಟಿ ಕಾಗದ ಮಾಡೀರಿ. ಇದರಾಗ ನಿಮಗ ಜೇಲೂ ಆಗಬಹುದು. ಸುಮ್ನ ಹಕ್ಕು ಬಿಟ್ಟುಕೊಟ್ಟೇನಂತ ಬರಕೊಟ್ರ…”

ಆಗ ಅರುಣಕುಮಾರನ ಸೊಂಟ ಕೂಗಿತು.

ಟೀಂವ್, ಟೀಂವ್, ಟೀಂವ್. ಎಲ್ಲರೂ ತಂತಮ್ಮ ಮೊಬೈಲು ಮುಟ್ಟಿ ನೋಡಿಕೊಂಡರು. ಅರುಣಕುಮಾರ ಚೀಲದಲ್ಲಿದ್ದ ಬಾಟಲಿಗೆ ಕೈ ಹಾಕಿದ. ಅಷ್ಟರಲ್ಲಿ ಸಂಗು ಹಾರಿ ಬಂದು ಅವನ ಅಂಗಿ ಎತ್ತಿದ. ಎರಡು ಗುಂಡಿ ಹಾರಿಹೋದವು. ಪಟ್ಟಾ, ವಾಯರು, ಮಿಣಮಿಣ ದೀಪದ ಡಬ್ಬಿ ಎಲ್ಲ ಹೊರಬಿದ್ದವು.

“ರೆಕಾರ್ಡ್ ಮಾಡಾಕತ್ತಾನ! ನಮ್ಮ ಮಾತೆಲ್ಲಾ ರೆಕಾರ್ಡ್ ಮಾಡಾಕತ್ತಾನ!”

ವಕೀಲರು ಕನ್ನಡಕ ತೆಗೆದು, ಡಬ್ಬಿಯ ಕಡೆಗೆ ಬಾಗಿ, ಸ್ಪಷ್ಟವಾದ ಧ್ವನಿಯಲ್ಲಿ ಹೇಳಿದರು: “ನಾ ಇಲ್ಲೀತನಾ ಹೇಳಿದ್ದೆಲ್ಲಾ ಕಕ್ಷಿದಾರರ ಅಭಿಪ್ರಾಯ. ನಂದಲ್ಲ.”

“ಕ್ಯಾಮೆರಾ ಎಲ್ಲಿ ಇಟ್ಟೀ? ಹೇಳು!” ಸಂಗು ವಾಯರುಗಳನ್ನು ಮುಷ್ಟಿಯಲ್ಲಿ ಹಿಡಿದ.

“ನುಂಗೇನಿ.”

“ಏನಂದಿ?”

“ಕ್ಯಾಮೆರಾ ನುಂಗೇನಿ ಲೇ!”

ಸಾಕ್ಷಿದಾರರು ಮಾತು ನುಂಗಿದ್ದನ್ನು ಅಬ್ದುಲಗನಿ ಸಾಹೇಬರು ಬೇಕಾದಷ್ಟು ಕಂಡಿದ್ದರು. ಕ್ಯಾಮೆರಾ ನುಂಗಿದವನು ಇವನೇ ಮೊದಲು. ಡಬ್ಬಿ ಎರಡನೇ ಸಲ ಕೂಗಿತು.

“ಕಿತ್ತತೀನಿ ನೋಡು!” ಎಂದು ಸಂಗು ಮುಷ್ಟಿ ಬಿಗಿಮಾಡಿದ. ಪಟ್ಟಾ ಹೊಟ್ಟೆಯಿಂದ ಒಂದು ಬೆರಳು ಮೇಲೆದ್ದಿತು.

“ಕಿತ್ತಬ್ಯಾಡ ಸಂಗೂ, ನಿನ್ನ ಕಾಲ ಬೀಳತೀನಿ!” ಅರುಣಕುಮಾರ ಅವನ ಎರಡೂ ಕೈ ಹಿಡಿದುಕೊಂಡ. “ನನಗ ಹೊಲಾ ಬ್ಯಾಡೋ, ತ್ವಾಟಾ ಬ್ಯಾಡ. ಅಪ್ಪ ಸತ್ತದ್ದು ಕರುಳಿನ ಕ್ಯಾನ್ಸರ್ ಆಗಿ. ನನಗೂ ಐತೋ ಇಲ್ಲೋ ಅಂತ ನೋಡಾಕತ್ತಾರ. ಅದಕ್ಕ ಯಾರು ಹೆಂಗ ಸತ್ರು ಅಂತ ಕೇಳಕೋತ ಅಡ್ಡಾಡೀನಿ. ಇಷ್ಟ!”

ಗೋಡೆಯ ಕಡೆಯಿಂದ ರುದ್ರವ್ವನ ದನಿ ಬಂತು.

“ಬಿಡಲೇ ಅವನ್ನ.”

ಸಂಗು ಬಿಡಲಿಲ್ಲ, ಬಿಗಿಹಿಡಿಯಲೂ ಇಲ್ಲ.

“ಬಿಡು ಅಂದ್ನೆಲ್ಲಾ! ಅವನಪ್ಪಗ ಅಷ್ಟ ಅಲ್ಲ. ನಮ್ಮಪ್ಪನೂ ಹಂಗ ಹೋದಾ. ನಮ್ಮಕ್ಕ ಪರಸವ್ವನೂ ಹಂಗ, ನಲವತ್ತೊಂದಕ್ಕ. ಮೂರ ಮಂದಿ. ಹೊರಗ ಹೊಟ್ಟಿಬ್ಯಾನಿ ಅಂದ್ವಿ. ಅಪ್ಪ ಹೋದಾಗ ನನ್ನ ಲಗ್ನ ಗೊತ್ತಾಗಿತ್ತು. ಅಕ್ಕ ಹೋದಾಗ ಅಕಿ ಮಗಳದು. ನಿಮ್ಮಪ್ಪ ಹೋದಾಗ ನನ್ನ ಮಗಳದು. ಯಾವಾಗ ಹೇಳಬೇಕಂದ್ರೂ ಯಾರದೋ ಒಂದು ಲಗ್ನ ಇರತಿತ್ತಪಾ.”

ಅಬ್ದುಲಗನಿ ಸಾಹೇಬರು ಅರುಣಕುಮಾರನ ಫೈಲನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡು, ಮೂರು ಹೆಸರಿನ ಮುಂದೆ ‘ಮರಣದ ಕಾರಣ’ದ ಮನೆಗಳನ್ನು ತಾವೇ ತುಂಬಿದರು. ಡಬ್ಬಿ ಮೂರನೇ ಸಲ ಕೂಗಿತು. ಅರುಣಕುಮಾರ ಬಾಟಲಿಯ ಮುಚ್ಚಳ ತೆಗೆಯಲಾರದೆ ಒದ್ದಾಡಿದಾಗ ಸಂಗುವೇ ತೆಗೆದುಕೊಟ್ಟ. ಅವನು ಗಟಗಟನೆ ಕುಡಿದ.

ಆಗ ಬಸಗೊಂಡಪ್ಪ, ನೆಲ ನೋಡುತ್ತ, ಕೇಳಿದ. “ಅಕ್ಕಾ, ಅವರಿಗೆಲ್ಲಾ ಮೊದಲ… ರಕ್ತ ಹೋಗತಿತ್ತೇನು?”

“ಯಾಕ ಕೇಳತಿ?”

“ಸುಮ್ನ.”

ರುದ್ರವ್ವ ತಮ್ಮನ ಮುಖವನ್ನೇ ನೋಡಿದಳು. ಸಂಗುವೂ ಅಪ್ಪನನ್ನು ಹೊಸದಾಗಿ ನೋಡುವವನಂತೆ ನೋಡಿದ. ಕೊರಳ ಸುತ್ತ ಅಂಗಿ ಸಡಿಲವಾಗಿತ್ತು.

“ಎಷ್ಟು ದಿನದಿಂದ ಯಪ್ಪಾ?”

“ದೀಪಾವಳಿಯಿಂದ. ಮೂಲವ್ಯಾಧಿ ಅಂತ ಬೇರಿನ ಔಷಧ ತಗೊಳ್ಳಾಕತ್ತೇನಿ. ಸುಗ್ಗಿ ಮುಗೀಲಿ ಅಂತ…”

ಈ ಮಾತು ಮುಗಿಯುವ ಮೊದಲೇ ಬಾಟಲಿಯ ಔಷಧ ತನ್ನ ಕೆಲಸ ಶುರುಮಾಡಿತು. “ಇಲ್ಲೆ ಸಂಡಾಸ ಎಲ್ಲೈತ್ರಿ?” ಎಂದು ಅರುಣಕುಮಾರ ಎರಡೂ ಕೈಯಲ್ಲಿ ಪಟ್ಟಾ ಹಿಡಿದುಕೊಂಡು ಎದ್ದ. ಸಂಡಾಸಕ್ಕೆ ಕೀಲಿ ಹಾಕಿತ್ತು. ಕೀಲಿಕೈ ಗುಮಾಸ್ತನ ಜೇಬಿನಲ್ಲಿತ್ತು. ಗುಮಾಸ್ತ ತಹಶೀಲ್ದಾರ ಕಚೇರಿಯಲ್ಲಿ ಅರುಣಕುಮಾರನ ಮೇಲಿನ ಅರ್ಜಿ ಕೊಡಲು ಸಾಲಿನಲ್ಲಿ ನಿಂತಿದ್ದ. ವಕೀಲರು ಡ್ರಾ ಎಳೆದರು, ರುದ್ರವ್ವ ಮೊಳೆಗಳ ಮೇಲೆಲ್ಲ ಕೈಯಾಡಿಸಿದಳು, ಅರುಣಕುಮಾರ ಗೋಡೆ ಹಿಡಿದು ಬೆವರಿದ. ಅಣ್ಣನ ಕಾಲು ಮುರಿಯಬೇಕೆಂದಿದ್ದ ಸಂಗು ಕಡೆಗೆ ಒಂದೇ ಒದೆತಕ್ಕೆ ಬಾಗಿಲು ಮುರಿದ. ಅರುಣಕುಮಾರ ಒಳಗೆ ಹೋದ ಮೇಲೆ ಹೊರಗಿನಿಂದ ಬೆನ್ನು ಕೊಟ್ಟು ಬಾಗಿಲಿನಂತೆ ನಿಂತವನೂ ಅವನೇ.

ಸಂಜೆ ಆಸ್ಪತ್ರೆಗೆ ಒಬ್ಬ ಹೋಗಬೇಕಾದಲ್ಲಿ ನಾಲ್ವರು ಹೋದರು. ಬಸಗೊಂಡಪ್ಪನಿಗೆ ಗುಳಿಗೆಯ ಮಾತೇ ಬರಲಿಲ್ಲ. ರಕ್ತ ಹೋಗುತ್ತಿರುವವರಿಗೆ ನೇರ ನಳಿಕೆಯೇ ಎಂದರು ಡಾಕ್ಟರ್ ನೇತ್ರಾ. ಅದರಲ್ಲಿ ಗಡ್ಡೆ ಕಂಡಿತು. ಹದಿನೈದು ದಿನದೊಳಗೆ ಆಪರೇಷನ್ ಆಯಿತು. ಅವನನ್ನು ಒಳಗೆ ಒಯ್ದ ನಾಲ್ಕು ತಾಸು ಅಣ್ಣತಮ್ಮಂದಿರಿಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಗಡ್ಡೆ ಕರುಳು ದಾಟಿ ಹೋಗಿಲ್ಲ, ಹೊತ್ತಿಗೆ ಸರಿಯಾಗಿ ಬಂದಿರಿ ಎಂದು ಡಾಕ್ಟರು ಹೇಳಿದಾಗ ಸಂಗು ಮೊದಲು ಅಣ್ಣನ ಮುಖ ನೋಡಿದ, ಆಮೇಲೆ ಬಾಯಿಗೆ ಟವೆಲು ಒತ್ತಿಕೊಂಡು ಹೊರಗೆ ಹೋದ.

ಅರುಣಕುಮಾರನ ದೊಡ್ಡ ಕರುಳಿನಲ್ಲಿ ಕಡಲೆಯಷ್ಟು ದಪ್ಪದ ಎರಡು ಗಂಟುಗಳಿದ್ದವು. ನಳಿಕೆಗೆ ಹೆದರಿ ಗುಳಿಗೆ ನುಂಗಿದ್ದವನಿಗೆ ನಳಿಕೆ ತಪ್ಪಲಿಲ್ಲ. ಗಂಟುಗಳನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಇನ್ನೂ ಕೆಟ್ಟಿರಲಿಲ್ಲ, ಬಿಟ್ಟಿದ್ದರೆ ಕೆಡುತ್ತಿದ್ದವು.

ಇನ್ನು ಇಟ್ಟಂಗಿಹಾಳದವರು. ವಕೀಲರ ಆಫೀಸಿನಲ್ಲಿ ಆಡಿದ ಮಾತು ಹೊಸ್ತಿಲಿ‌ನೊಳಗೆ ಉಳಿಯುವುದು ಸಾಧ್ಯವಿಲ್ಲವೆಂದು ನಂದಾ ತಾನೇ ಫೋನು ಹಚ್ಚಿ, ಮೂರು ಹೆಸರು, ಮೂರು ವಯಸ್ಸು, ಗಂಡನ ಎರಡು ಗಂಟು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಆ ಕಡೆಯಿಂದ ವರನ ತಾಯಿ ತಗ್ಗಿದ ದನಿಯಲ್ಲಿ, “ನಮ್ಮ ಹುಡುಗಗ ಶುಗರ್ ಐತ್ರೀ ಅಕ್ಕಾರ. ಅಕ್ಕಿಕಾಳು ಬಿದ್ದಮ್ಯಾಲ ಹೇಳೂಣಂತಿದ್ವಿ,” ಎಂದಳು. ಮುಂದೆ ಇಬ್ಬರೂ ಒಂದು ತಾಸು ಮಾತಾಡಿದರು. ಲಗ್ನ ಮಾಗಿಗೆ ಗೊತ್ತಾಯಿತು.

ಅಪ್ಪನಿಗೆ ಬಂದ ಮೇಲೆ ಸಂಗುವಿನದೂ ಸರದಿ ಬಂತು. ಪಟ್ಟಾ ಕಟ್ಟಿಸಿಕೊಂಡು, ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು, ಆಸ್ಪತ್ರೆಯ ಬೆಂಚಿನ ಮೇಲೆ ಅವನು ಅರ್ಧ ತಾಸಿನಿಂದ ಕುಳಿತಿದ್ದ. ನೀರಿನ ಲೋಟ ಮೂರು ಸಲ ತುಂಬಿಸಿದ್ದಾಯಿತು. ಡಾಕ್ಟರ್ ನೇತ್ರಾ ಎರಡು ಸಲ ಗಡಿಯಾರ ನೋಡಿದರು. “ನುಂಗಲೇ ಭಾಡ್ಯಾ! ಬಾಗಲಾ ಮುರ್ಯಾಕ ಬರತೈತಿ, ಗುಳಿಗಿ ನುಂಗಾಕ ಬರೂದಿಲ್ಲ!” ಎಂದು ರುದ್ರವ್ವ ಬೈದಳು. ಅಂಗೈಯಲ್ಲಿ ದೀಪ ಮಿನುಗುತ್ತಲೇ ಇತ್ತು.

“ಅಣ್ಣಾ, ಏನರೆ ಕಂಡ್ರ?”

“ಕಂಡ್ರ ತೆಗೀತಾರ,” ಎಂದ ಅರುಣಕುಮಾರ. ಅರ್ಧ ವಕೀಲನ ಬಾಯಿಂದ ಇಷ್ಟು ಚಿಕ್ಕ ಮಾತು ಹಿಂದೆಂದೂ ಬಂದಿರಲಿಲ್ಲ.

ಸಂಗು ಕಣ್ಣು ಮುಚ್ಚಿದ. ನುಂಗಿದ. ನೀರು ಕುಡಿದು, ಕಣ್ಣು ತೆರೆದು, ಪಕ್ಕದಲ್ಲಿ ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕುತ್ತಿದ್ದ ಅಣ್ಣನ ಕಡೆ ನೋಡಿದ.

“ನಿನ್ನ ಅಂಗಡಿ?”

“ಮುಚ್ಚಿ ಬಂದೇನಿ.”

“ಎಷ್ಟೊತ್ತು ಕೂಡ್ತಿ?”

“ಅದು ಹೊರಗ ಬರೂತನಾ,” ಎಂದ ಅರುಣಕುಮಾರ.